ಓವನ್ನಿಗೆ ಬೀಗ

ಆ ಅಡುಗೆಯ ಘಮಕ್ಕೆ ಊರಾಚೆಯ ನದಿ ಒಮ್ಮೆ ಹಿಂದಕ್ಕೆ ಹರಿದು ಬಂದು, ಸೇತುವೆಯ ಕೆಳಗೆ ನಿಂತು, ಮೂಗರಳಿಸಿ ಮೂಸಿ, ಆಮೇಲೆ ಒಲ್ಲದ ಮನಸ್ಸಿನಿಂದ ಸಮುದ್ರದ ಕಡೆ ಹೋಯಿತು. ನಂಬುವುದಿಲ್ಲವೇ? ಬೇಡ ಬಿಡಿ. ಹೇಗೂ ಕಾಯುತ್ತಾ ಕೂತಿದ್ದೀರಿ, ಕೇಳಿ. ನಾನು ನಿಂತೇ ಹೇಳುತ್ತೇನೆ. ಕೂತು ಹೇಳುವಂಥ ಕತೆಯಲ್ಲ ಇದು.

ಅದನ್ನು ಮಾಡಿದವನು ನಮ್ಮ ಬೀದಿಯ ಬೀಗದವನು. ಕೀಲಿ ಕಳೆದುಕೊಂಡವರಿಗೆ ಕೀಲಿ ಮಾಡಿಕೊಡುವುದು, ಕಳೆದುಕೊಳ್ಳದವರನ್ನು ಹೆದರಿಸಿ ಇನ್ನೂ ದೊಡ್ಡ ಬೀಗ ಮಾರುವುದು ಅವನ ಕಸುಬು. ನೋಡಲು ಲಕ್ಷಣವಾದ ಮನುಷ್ಯ. ಬುದ್ಧಿಯ ಮಾತಂತೂ ಕೇಳಲೇಬೇಡಿ. ಅವನು ಸ್ವಂತ ತಲೆಯಿಂದ ಒಂದು ಬೀಗ ಕಂಡುಹಿಡಿದಿದ್ದ. ಮುಚ್ಚಲು ಕೀಲಿ ಬೇಡ, ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ತೆರೆಯಲು ಮಾತ್ರ ಅದರದೇ ಕೀಲಿ ಬೇಕು, ಅದೂ ಇರುವುದು ಒಂದೇ. ಅಂಗಡಿಯ ಮುಂದೆ ಬೋರ್ಡನ್ನೂ ಹಾಕಿಸಿದ್ದ: ‘ಈ ಬೀಗವನ್ನು ಕೀಲಿಯಿಲ್ಲದೆ ತೆರೆದವರಿಗೆ ಅಂಗಡಿಯ ಕುರ್ಚಿಯನ್ನೇ ಬಿಟ್ಟುಕೊಡಲಾಗುವುದು.’ ಆ ಬೋರ್ಡು ಓದಿ ಮೂರು ದೇಶದ ಕಳ್ಳರು ಕಸುಬು ಬಿಟ್ಟು ತರಕಾರಿ ಮಾರಲು ಹೋದರು.

ಇಂಥ ಗಂಡುಗಲಿಗೂ ಒಂದು ತೊಂದರೆ ಬಂತು. ಅತ್ತೆ ಬಂದರು.

ಅತ್ತೆ ಅಂದರೆ ಹೆಂಡತಿಯ ತಾಯಿ. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಸಾವಿರ ಬಾಯಿಗೆ ಬೇಯಿಸಿ ನಿವೃತ್ತಿಯಾದವರು. ವಾರಕ್ಕೆಂದು ಬಂದವರ ಬ್ರಷ್ಷು ಬಚ್ಚಲಿನ ಕಪಾಟಿನಲ್ಲಿ ನಮ್ಮ, ಅಂದರೆ ಅವರ ಮನೆಯವರ, ಬ್ರಷ್ಷುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ನಡುವೆ ನಿಂತಿತು. ವಾರ ಕಳೆದರೂ ಅತ್ತೆ ಏಳಲಿಲ್ಲ. ಕಾರಣವನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

“ನನ್ನ ಮಗಳು ಹೊರಗೂ ದುಡೀಬೇಕು, ಒಳಗೂ ಬೇಯಿಸ್ಬೇಕು. ಇವಳ ಗಂಡ ಒಂದು ದಿನ ತನ್ನ ಕೈಯಾರೆ ಬಿಸಿ ಊಟ ಮಾಡಿ ನನಗೆ ಬಡಿಸಲಿ, ಅವತ್ತೇ ಸಂಜೆ ಬಸ್ಸಿಗೆ ಚಿಕ್ಕ ಮಗಳ ಮನೆಗೆ ಹೊರಟೆ. ಅಲ್ಲೀತನಕ ನನ್ನ ಜೀವಕ್ಕೆ ಸಮಾಧಾನ ಇಲ್ಲ.”

ಬೀಗದವನ ಕಿವಿ ನೆಟ್ಟಗಾಯಿತು. ಮರುದಿನವೇ ಅಂಗಡಿಗೆ ರಜೆ ಹಾಕಿ, ಹೆಂಡತಿ ಕೆಲಸಕ್ಕೆ ಹೊರಟ ಕೂಡಲೇ ಅವಳ ಏಪ್ರನ್ ಕಟ್ಟಿಕೊಂಡ. ತರಕಾರಿ, ಸಾಸೇಜುಗಳನ್ನು ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸುವ ಕ್ಯಾಸರೋಲ್ ಮಾಡುವುದೆಂದು ತೀರ್ಮಾನ. ಅತ್ತೆ ಬ್ಯಾಗು ಕಟ್ಟಿ ಬಾಗಿಲ ಬಳಿ ಇಟ್ಟು, ನಂಬಿಕೆಯಿಲ್ಲದವರಂತೆ ನಕ್ಕು, ಮಧ್ಯಾಹ್ನದ ನಿದ್ದೆಗೆ ಹೋದರು.

ಏನು ಹೇಳಲಿ ಆ ಅಡುಗೆಯನ್ನು! ದೋಣಿಯಷ್ಟು ದೊಡ್ಡ ತಟ್ಟೆ. ತಳಕ್ಕೆ ಆಲೂಗಡ್ಡೆಯ ಬಿಲ್ಲೆಗಳು, ಎಷ್ಟು ತೆಳುವೆಂದರೆ ಒಂದನ್ನು ಪೇಪರಿನ ಮೇಲಿಟ್ಟರೆ ಸುದ್ದಿ ಓದಬಹುದಿತ್ತು. ಅದರ ಮೇಲೆ ಕ್ಯಾರೆಟ್ಟು, ಎಲೆಕೋಸು, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ. ಅದರ ಮೇಲೆ ಕಾವಲಿಯಲ್ಲಿ ಚುರುಗುಟ್ಟಿ ಅಂಚು ಕೆಂಪಾದ ಸಾಸೇಜಿನ ತುಂಡುಗಳು, ಸೈನ್ಯ ನಿಂತ ಹಾಗೆ ಸಾಲು ಸಾಲು. ಎಲ್ಲದರ ಮೇಲೆ ಹಾಲು ಹಿಟ್ಟು ಕಾಯಿಸಿದ ಬಿಳಿ ಸಾಸು, ಚೀಸು, ಬ್ರೆಡ್ಡಿನ ಪುಡಿ. ತಟ್ಟೆಯನ್ನು ಓವನ್ನಿಗೆ ತಳ್ಳಿದಾಗ ಅವನಿಗೇ ಅನ್ನಿಸಿತಂತೆ, ನಾನೇನು ಇಷ್ಟು ದಿನ ಕಬ್ಬಿಣ ಉಜ್ಜುತ್ತಾ ಬಾಳು ಹಾಳುಮಾಡಿಕೊಂಡೆ ಎಂದು.

ಘಮ ಮೆಟ್ಟಿಲು ಹತ್ತಿ ಇಳಿದು ಹೋಗಿ ಜನರನ್ನು ಕೈಹಿಡಿದು ಕರೆತಂದಿತು. ಮೊದಲು ಬಂದವಳು ಮೇಲಿನ ಮನೆಯ ದರ್ಜಿ ಅಕ್ಕ. ಸೂಜಿ ಕಡ ಕೇಳಲು ಬಂದೆ ಎಂದಳು, ಬಾಯಲ್ಲಿ ಎರಡು ಸೂಜಿ ಕಚ್ಚಿಕೊಂಡೇ. ನೇರ ಹೋಗಿ ಓವನ್ನಿನ ಬಾಗಿಲು ತೆಗೆದಳು. ಬಿಸಿಯೆಲ್ಲ ಭುಸ್ಸೆಂದು ಹೊರಗೆ. ಅವಳು ಬೆಂದಿದೆಯೋ ಎಂದು ನೋಡಲು ನಟ್ಟನಡುವೆ ಬೆರಳು ಚುಚ್ಚಿ, ಬೆರಳು ಚೀಪಿ, ಇನ್ನೂ ಇಲ್ಲ ಎಂದು ತೀರ್ಪು ಕೊಟ್ಟಳು. ಆಮೇಲೆ ಪಕ್ಕದ ಮನೆಯ ಮೇಷ್ಟ್ರು. ಅವರಿಗೆ ಯಾವುದನ್ನೂ ಮುಚ್ಚಿಟ್ಟರೆ ಆಗದು. ಬಾಗಿಲು ತೆರೆದಿಟ್ಟುಕೊಂಡೇ, ಬಿಸಿ ಗಾಳಿ ಹೇಗೆ ಮೇಲೇರುತ್ತದೆ ಎಂದು ಅರ್ಧ ಪಾಠ ಮಾಡಿದರು. ಪಾಠ ಮುಗಿಯುವ ಹೊತ್ತಿಗೆ ಮೇಲೇರಲು ಒಳಗೆ ಬಿಸಿಯೇ ಉಳಿದಿರಲಿಲ್ಲ. ಅವರು ಹೋದರೆ ಅವಳು, ಅವಳು ಹೋದರೆ ಅವರು. ಓವನ್ನಿನ ಬಾಗಿಲು ಬಸ್‌ಸ್ಟ್ಯಾಂಡಿನ ಶೌಚಾಲಯದ ಬಾಗಿಲಾಯಿತು. ಗಂಟೆ ಕಳೆದರೂ ಆಲೂಗಡ್ಡೆ ಆಗತಾನೇ ಮಣ್ಣಿನಿಂದ ಎದ್ದು ಬಂದ ಹಾಗೆ ಗಟ್ಟಿ.

ಬೇರೆ ಯಾರಾದರೂ ಆಗಿದ್ದರೆ ಬೈದು ಕಳಿಸುತ್ತಿದ್ದರು. ಇವನು ಬೀಗದವನು. ತಟ್ಟೆಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟ, ಡ್ರಿಲ್ ತಂದ, ಓವನ್ನಿನ ಬಾಗಿಲಿಗೊಂದು ಪಕ್ಕಕ್ಕೊಂದು ಕೊಂಡಿ ಕೂರಿಸಿದ. ಅಕ್ಕನ ಬೆರಳು ತೋಡಿದ್ದ ಗುಂಡಿಯನ್ನು ಮುಚ್ಚಲು ತಟ್ಟೆಯ ಮೇಲೆ ಬಗ್ಗಿ, ಇನ್ನಷ್ಟು ಚೀಸು, ಇನ್ನಷ್ಟು ಬ್ರೆಡ್ಡಿನ ಪುಡಿ ಉದುರಿಸಿದ. ತಟ್ಟೆ ಒಳಗೆ ಹೋಯಿತು, ಉರಿ ಹತ್ತಿತು, ಕೊಂಡಿಗೆ ಅವನ ಸ್ವಂತ ಬೀಗ ಬಿತ್ತು. ಟಕ್.

“ಇನ್ನು ನೋಡಿ, ಕಣ್ಣಲ್ಲಿ,” ಎಂದ. “ಕೈಯಲ್ಲಿ ಅಲ್ಲ.”

ನೋಡಿದರು. ಓವನ್ನಿನ ಬಾಗಿಲಿಗೆ ಗಾಜಿತ್ತು, ಒಳಗೆ ಪುಟ್ಟ ದೀಪವಿತ್ತು. ಮೊದಲು ಅಂಚಿನಲ್ಲೊಂದು ಗುಳ್ಳೆ ಎದ್ದಿತು. ಆಮೇಲೆ ಇನ್ನೊಂದು. ಬಿಳಿಯ ಬಯಲು ನಿಧಾನಕ್ಕೆ ಹಳದಿಯಾಯಿತು, ಹಳದಿ ಹೊನ್ನಾಯಿತು, ಹೊನ್ನಿನ ನಡುನಡುವೆ ಕಂದು ದ್ವೀಪಗಳು ಮೂಡಿದವು. ಸಾಸೇಜುಗಳು ಚೀಸಿನ ಹೊದಿಕೆ ಸರಿಸಿ ಬೆನ್ನು ತೋರಿಸಿ ಮತ್ತೆ ಮುಳುಗಿದವು. ಮಾತಿನ ಮಲ್ಲಿ ದರ್ಜಿ ಅಕ್ಕ ಬಾಯಿಂದ ಸೂಜಿ ತೆಗೆದು ಸುಮ್ಮನೆ ಕೂತಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಬೀದಿಯ ಮುನ್ನೂರು ಜನ ಅಡುಗೆಮನೆಯಲ್ಲಿ ಸೂರ್ಯೋದಯ ನೋಡುವವರ ಹಾಗೆ ಉಸಿರು ಬಿಗಿಹಿಡಿದು ನಿಂತರು. ನಿದ್ದೆಯಿಂದ ಎದ್ದುಬಂದ ಅತ್ತೆಯೂ ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿ ಕೆಲಸದಿಂದ ಬಂದು, ಚಪ್ಪಲಿ ಬಿಡುವುದನ್ನೂ ಮರೆತಳು.

ಆಯಿತು, ಬೆಂದಿತು. ಬೀಗದವನು ಉರಿ ಆರಿಸಿ, ಮಹಾರಾಜನ ಗತ್ತಿನಲ್ಲಿ ಅಂಗಿಯ ಜೇಬಿಗೆ ಕೈ ಹಾಕಿದ.

ಜೇಬು ಖಾಲಿ.

ಪ್ಯಾಂಟಿನ ಜೇಬು, ಏಪ್ರನ್ನಿನ ಜೇಬು, ಮೇಜಿನ ಕೆಳಗೆ, ಚೀಸಿನ ಡಬ್ಬಿಯೊಳಗೆ, ಕೊನೆಗೆ ಅನುಮಾನದಿಂದ ದರ್ಜಿ ಅಕ್ಕನ ಮುಖ. ಎಲ್ಲೂ ಇಲ್ಲ. ಆಗ ಗಾಜಿಗೆ ಮೂಗು ಒತ್ತಿಕೊಂಡಿದ್ದ ಮೇಷ್ಟ್ರು ಮೆಲ್ಲಗೆ ಕೇಳಿದರು.

“ನಡುವೆ ಹೊಳೀತಿರೋದು ಏನಪ್ಪಾ ಅದು? ಸಾಸೇಜಂತೂ ಅಲ್ಲ.”

ಹೊನ್ನಿನ ಕೆರೆಯ ನಟ್ಟನಡುವೆ, ಅಕ್ಕನ ಬೆರಳಿನ ಗುಂಡಿಯಿದ್ದ ಜಾಗದಲ್ಲೇ, ಕೀಲಿ ತಲೆಯೆತ್ತಿ ನಿಂತಿತ್ತು. ಪುಡಿ ಉದುರಿಸಲು ಬಗ್ಗಿದಾಗ ಜೇಬಿನಿಂದ ಜಾರಿತ್ತು. ಬೀಗ ಹೊರಗೆ, ಕೀಲಿ ಒಳಗೆ, ನಡುವೆ ಒಂದು ಗಾಜು.

ತಂತಿ ತಂದ, ಕೊಕ್ಕೆ ತಂದ, ಅರ ತಂದ. ಅವನ ಬೀಗ ಅವನಿಗೇ ಬಗ್ಗಲಿಲ್ಲ. ಒಂದು ಕಡೆ ಹೆಮ್ಮೆಯಿಂದ ಎದೆ ಉಬ್ಬುತ್ತಿದೆ, ಇನ್ನೊಂದು ಕಡೆ ಅಳು ಬರುತ್ತಿದೆ. ಅಂಥ ಸ್ಥಿತಿ ಶತ್ರುವಿಗೂ ಬೇಡ. ದರ್ಜಿ ಅಕ್ಕನಿಗೆ ಮಾತು ಮರಳಿತ್ತು. ಅವಸರ ಮಾಡ್ಬೇಡ, ಒಣಗಿದ ಮೇಲೆ ತೆಗೆದು ಗೋಡೆಗೆ ತೂಗುಹಾಕು ಎಂದಳು.

ಅತ್ತೆ ಗೋಡೆಯ ಗಡಿಯಾರ ನೋಡಿದರು, ಬಾಗಿಲ ಬಳಿಯ ಬ್ಯಾಗು ನೋಡಿದರು. “ಬಸ್ಸಿನ ಹೊತ್ತಾಯ್ತು. ಬ್ಯಾಗು ಬಿಚ್ಚಲಾ?”

ಬೀಗದವನ ಮುಖ ತಣ್ಣಗಾದ ಸಾಸಿನ ಹಾಗೆ ಕೆನೆಗಟ್ಟಿತು. ಅದನ್ನು ನೋಡಿ ಅತ್ತೆಗೆ ಕನಿಕರ ಬಂತೋ, ಹಸಿವೆ ಬಂತೋ, ತಲೆಯ ತುರುಬಿನಿಂದ ಒಂದು ಪಿನ್ನು ಎಳೆದರು. “ಆಚೆ ಸರಿ. ಕ್ಯಾಂಟೀನಿನ ಉಗ್ರಾಣದ ಕೀಲಿ ದಿನಾ ಬೆಳಗ್ಗೆ ಕಳೆದುಹೋಗ್ತಿತ್ತು. ಸಾವಿರ ಜನ ಹಸಿದು ಕೂತಿರ್ತಿದ್ರು.”

ಕಣ್ಣು ಮುಚ್ಚಿಕೊಂಡು, ತರಕಾರಿ ಬೆಂದಿದೆಯೋ ಎಂದು ನೋಡುವವರ ಹಾಗೆ ಪಿನ್ನನ್ನು ಒಂದು ಸುತ್ತು ತಿರುವಿದರು. ಮೂರು ದೇಶದ ಕಳ್ಳರನ್ನು ಹಣಿದ ಬೀಗ ಬಾಯಿ ಬಿಟ್ಟು ನೇತಾಡಿತು.

ಬಡಿಸಿದ. ಚಮಚ ಇಳಿದಾಗ ಮೇಲ್ಪದರ ಕರಕ್ಕೆಂದಿತು, ಒಳಗಿನಿಂದ ಹಬೆ ಎದ್ದಿತು. ಅತ್ತೆ ಕೀಲಿಯನ್ನು ತಟ್ಟೆಯ ಅಂಚಿಗಿಟ್ಟು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಕೊನೆಗೆ ಖಾಲಿ ತಟ್ಟೆ ಮುಂದೆ ಚಾಚಿದರು. “ಇನ್ನೊಂದು ಸ್ವಲ್ಪ ಹಾಕು. ಅಂಚಿನದು.” ಸಾವಿರ ಬಾಯಿಗೆ ಬಡಿಸಿದ ಕೈ, ಬೀಗದವನ ಮುಂದೆ ಚಾಚಿತು ನೋಡಿ!

ಊಟ ಮುಗಿಸಿ, ಕೊಟ್ಟ ಮಾತಿನಂತೆ ಅತ್ತೆ ಎದ್ದರು. ಮಗಳ ಬಗ್ಗೆ ಇನ್ನು ನನಗೆ ಚಿಂತೆಯಿಲ್ಲ ಎಂದರು. ಬೀಗದವನು ಆಗಲೇ ಬ್ಯಾಗು ಹೊತ್ತು ಅರ್ಧ ಮೆಟ್ಟಿಲು ಇಳಿದಿದ್ದ. ಮೇಷ್ಟ್ರು ಹಿಂದಿನಿಂದ ಕೂಗಿ ನಿಲ್ಲಿಸಿದರು.

“ಒಂದು ನಿಮಿಷ. ಇವರು ಕೀಲಿಯಿಲ್ಲದೆ ಬೀಗ ತೆಗೆದ್ರಲ್ಲ. ನಿನ್ನ ಅಂಗಡಿ ಬೋರ್ಡಲ್ಲಿ ಏನೋ ಬರೆದಿದ್ದೀಯಲ್ಲಪ್ಪ?”

ಅತ್ತೆ ಬೋರ್ಡಿನ ಬರಹವನ್ನು ಮೇಷ್ಟ್ರ ಬಾಯಿಂದ ಎರಡು ಸಲ ಕೇಳಿಸಿಕೊಂಡರು. ಮನೆಯಲ್ಲಿ ಸುಮ್ಮನೆ ಕೂತು ಕೈ ಜಡ್ಡುಗಟ್ಟಿತ್ತು ಎಂದರು. ಆಮೇಲೆ ಬ್ಯಾಗು ಇಳಿಸು ಎಂದರು.

ಆ ಬೀಗದವನು ಅದಾದ ಮೇಲೆ ದೂರ ದೇಶಕ್ಕೆ ಹೋಗಿ, ಅರಮನೆಗಳಿಗೆ ಬೀಗ ಮಾಡಿ, ಬೆಳ್ಳಿಯ ಕುರ್ಚಿಯಲ್ಲಿ...

“ಇವರ ಕೀಲಿ ಆಯ್ತು, ಕೊಡು,” ಎನ್ನುತ್ತಿದ್ದಾರೆ ಒಳಗಿನಿಂದ. “ನಿಜಾನೂ ಹೇಳಿ ಕಳಿಸು. ದಿನಾ ಒಂದೊಂದು ದೇಶಕ್ಕೆ ಹೋಗ್ತಿದ್ದಾನೆ ಆ ಬೀಗದವನು.”

ತಗೊಳ್ಳಿ ನಿಮ್ಮ ಕೀಲಿ. ಹೌದು, ಅದನ್ನು ಅರ ಹಾಕಿ ಮಾಡಿದವರು ಆ ಕುರ್ಚಿಯಲ್ಲಿ ಕೂತಿರುವ ನನ್ನ ಅತ್ತೆ. ನಾನು ನಿಂತಿರುವುದು ಅದಕ್ಕೇ. ನದಿ ಬಂದಿರಲಿಲ್ಲ. ತಟ್ಟೆ ದೋಣಿಯಷ್ಟಿರಲಿಲ್ಲ, ಮಕ್ಕಳ ಸ್ಲೇಟಿನಷ್ಟಿತ್ತು. ಮುನ್ನೂರು ಜನ ಅಂದರೆ ಅಕ್ಕ, ಮೇಷ್ಟ್ರು, ನನ್ನ ಮನೆಯವರು, ಅಷ್ಟೇ. ತಳದ ಆಲೂಗಡ್ಡೆ ಕೊನೆಗೂ ಅರ್ಧ ಹಸಿಯಾಗಿಯೇ ಇತ್ತು. ಆದರೆ ಅತ್ತೆ ಎರಡನೇ ಸಲ ಹಾಕಿಸಿಕೊಂಡದ್ದು ನಿಜ. ಅದರಲ್ಲಿ ಒಂದು ಕಾಳು ಸುಳ್ಳಿಲ್ಲ. ಬೇಕಾದರೆ ಅವರನ್ನೇ ಕೇಳಿ.

“ಹಸಿವಾಗಿತ್ತು,” ಅಂದರು ಅತ್ತೆ, ಅರದಿಂದ ತಲೆಯೆತ್ತದೆ.