ಎತ್ತುವ ಮಟ್ಟಿನ ಮದುವೆ ಹಾಡು

ನನ್ನ ಹಾಡನ್ನು ಗ್ರಾಮಫೋನ್ ಪ್ಲೇಟು ಮಾಡಿಸಬೇಕೆಂಬ ಯೋಚನೆ ಬಂದಾಗ ಅದರಲ್ಲಿ ಕೆಡುವಂಥದ್ದು ಏನೂ ನನಗೆ ಕಾಣಲಿಲ್ಲ. ಕಂಠ ನನ್ನದು, ಹಾರ್ಮೋನಿಯಂ ನನ್ನದು, ಪದ ಕಟ್ಟಿದವನೂ ನಾನೇ. ಪ್ಲೇಟಿಗೆ ಇದ್ದದ್ದು ತಿರುಗುವ ಕೆಲಸವೊಂದೇ. ಅದನ್ನು ಅದು ಚಾಚೂ ತಪ್ಪದೆ ಮಾಡಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಉಳಿದ ಅನಾಹುತವೆಲ್ಲ ನನ್ನದು.

ಗುಂಡ್ಲುಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಹಾಡುವುದು ನನ್ನ ಕಸುಬು. ಯಾವ ನಾಟಕ ಕಂಪನಿಗೂ ಸೇರಿದವನಲ್ಲ, ಯಾವ ಮಠದ ಆಶ್ರಯವೂ ಇರಲಿಲ್ಲ. ಸ್ವತಂತ್ರ ಕಲಾವಿದ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಜನ ಸಾವಿನ ಮನೆ ಮಾದಪ್ಪ ಎನ್ನುತ್ತಿದ್ದರು.

ಅವರದ್ದೂ ತಪ್ಪಿಲ್ಲ. ನಮ್ಮವರಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಎದುರಿಗೆ ಭಜನೆ. ಕೊನೆಗೆ ಬಿದಿರಿನ ವಿಮಾನದಲ್ಲಿ ಕೂರಿಸಿ ಎತ್ತುವಾಗ ಹಾರ್ಮೋನಿಯಂನಲ್ಲಿ ಒಂದು ಮಟ್ಟು ನುಡಿಸಬೇಕು. ಅದಕ್ಕೆ ನಮ್ಮ ಕಡೆ ಎತ್ತುವ ಮಟ್ಟು ಎಂದೇ ಹೆಸರು. ಅದು ಕಿವಿಗೆ ಬಿದ್ದರೆ ಸಾಕು, ಹೊರುವವರು ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡು ಏಳುತ್ತಾರೆ, ಹೆಂಗಸರು ಅಳಲು ಶುರು ಮಾಡುತ್ತಾರೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಆ ಮಟ್ಟನ್ನು ನನ್ನಷ್ಟು ಚೆನ್ನಾಗಿ ನುಡಿಸುವವರು ಸುತ್ತಮುತ್ತ ಇರಲಿಲ್ಲ. ಈ ಮಾತನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಆದದ್ದಕ್ಕೆ ಇದೇ ಮೂಲ.

ಇದರ ಪೆಟ್ಟು ಬಿದ್ದದ್ದು ನನ್ನ ಹೆಂಡತಿ ಗೌರಮ್ಮನಿಗೆ. ಸೊಗಸಾಗಿ ಹಸೆ ಬರೆಯುತ್ತಿದ್ದಳು. ಮಣೆಯ ಸುತ್ತ ಅವಳು ಎಳೆದ ರಂಗೋಲಿಯ ಮೇಲೆ ಕಾಲಿಡಲು ಮದುವೆ ಹೆಣ್ಣೇ ಹಿಂದೆಮುಂದೆ ನೋಡಬೇಕು, ಅಂಥ ಕೈ. ಆದರೆ ಮದುವೆ ಮನೆಯವರು ಅವಳನ್ನು ಹಸೆ ಬರೆಯಲು ಕರೆಯುತ್ತಿರಲಿಲ್ಲ. ಆರತಿ ಎತ್ತಲೂ ಕರೆಯುತ್ತಿರಲಿಲ್ಲ. ಬಾಯಿಬಿಟ್ಟು ಯಾರೂ ಏನೂ ಅನ್ನರು. ಅವಳು ಹೋಗುವಷ್ಟರಲ್ಲಿ ಹಸೆ ಬರೆದು ಮುಗಿದಿರುತ್ತಿತ್ತು, ಅಷ್ಟೇ.

"ನೀವು ನೆನ್ನೆ ಎಲ್ಲಿ ಆಡ್ಬುಟ್ಟು ಬಂದ್ರಿ ಅಂತ ಎಲ್ರಿಗೂ ಗೊತ್ತು. ಆ ಕೈಯಲ್ಲೇ ನಂಗೆ ಬಳೆ ತೊಡ್ಸಿರದು ಅಂತ್ಲೂ ಗೊತ್ತು," ಎಂದು ಒಮ್ಮೆ ನಗುತ್ತಲೇ ಅಂದಳು. ಅವಳು ನಕ್ಕಾಗಲೇ ನನಗೆ ಹೆಚ್ಚು ಸಂಕಟವಾಗುತ್ತಿತ್ತು.

ಆಗ ಹೊಳೆದದ್ದು ಪ್ಲೇಟು. ಒಂದು ಮದುವೆ ಹಾಡು. ಅದು ಮದುವೆ ಮನೆಗಳಲ್ಲೆಲ್ಲ ತಿರುಗಿದರೆ ನಾನು ಮದುವೆ ಮನೆ ಮಾದಪ್ಪನಾಗುತ್ತೇನೆ, ಗೌರಿಯನ್ನು ಹಸೆಗೆ ಕರೆಯುತ್ತಾರೆ. ಲೆಕ್ಕ ಇಷ್ಟು ಸರಳವಾಗಿತ್ತು. ಪದವನ್ನೂ ಅವಳ ಹೆಸರಿಟ್ಟೇ ಕಟ್ಟಿದೆ:

ಏಳಮ್ಮ ಗೌರಿ, ನಡೆಯಮ್ಮ ಹಸೆಗೆ,
ಕಾದವರೆ ಮುತ್ತೈದೆರು.

"ಕಾದವ್ರಾ? ಯಾವೂರಲ್ಲಿ?" ಎಂದಳು ಗೌರಿ. ಆದರೆ ಪದವನ್ನು ಇನ್ನೊಂದು ಸಲ ಹಾಡಿಸಿದಳು.

ಮದರಾಸಿನಲ್ಲಿ ಪ್ಲೇಟು ಮಾಡುವ ಒಂದು ಸಣ್ಣ ಕಂಪನಿಯಿತ್ತು. ಹಣ ಹೇಗೆ ಹೊಂದಿಸಿದೆ ಎಂಬುದು ಹಾಸ್ಯದ ವಿಷಯವಲ್ಲ, ಬಿಟ್ಟುಬಿಡೋಣ. ಚಾಮರಾಜನಗರದಲ್ಲಿ ಹಾರ್ಮೋನಿಯಂ ಸಮೇತ ರೈಲು ಹತ್ತಿದೆ. ದಾರಿಯುದ್ದಕ್ಕೂ ಕುಣಿಯುವಂಥ ಮಟ್ಟೊಂದನ್ನು ಗುನುಗುತ್ತ, ಪದವನ್ನು ಅದಕ್ಕೆ ಹೊಂದಿಸಿಕೊಂಡೆ. ಎದುರಿಗೆ ಕೂತಿದ್ದ ಮಗುವೊಂದು ತಾಳ ಹಾಕಿತು. ಇನ್ನೇನು ಬೇಕು!

ಕಂಪನಿಯವರು ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಗಾಜಿನ ಆಚೆ ಇದ್ದ ತಮಿಳು ಮೇಸ್ತ್ರಿ, ಕೆಂಪು ದೀಪ ಹತ್ತಿದ ಕೂಡಲೇ ಶುರು ಮಾಡಬೇಕು, ತಡಮಾಡಿದರೆ ಅಷ್ಟೂ ಪ್ಲೇಟಿನಲ್ಲಿ ಹೋಯಿತು ಎಂದು ಕೈಸನ್ನೆಯಲ್ಲಿ ವಿವರಿಸಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ದೀಪ ಹತ್ತಿತು. ನಾನು ಗಂಟಲು ಸರಿಮಾಡಿಕೊಂಡೆ. ಕಲಾವಿದನಾದವನು ಅದನ್ನು ಸಾವಕಾಶವಾಗಿ ಮಾಡುತ್ತಾನೆ. ಗಾಜಿನ ಆಚೆ ಮೇಸ್ತ್ರಿ ತಲೆತಲೆ ಚಚ್ಚಿಕೊಂಡ.

"ಪಾಡುಂಗ ಸಾರ್, ಪಾಡುಂಗ."

ಎರಡನೇ ಸಲ ದೀಪ ಹತ್ತಿದಾಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಕುಣಿಯುವ ಮಟ್ಟು ರೈಲಿನಲ್ಲೇ ಇಳಿಯದೆ ಉಳಿದಿತ್ತೋ ಏನೋ. ಬೆರಳುಗಳು ಮಾತ್ರ ತಮಗೆ ಗೊತ್ತಿದ್ದ ಕಡೆ ಹೋದವು. ಪದ ಬಾಯಿಂದ ಬಂತು. ಒಂದು ಸ್ವರ ತಪ್ಪಲಿಲ್ಲ, ಒಂದು ಕಡೆ ಉಸಿರು ಸಾಲದೆ ಹೋಗಲಿಲ್ಲ. ಮುಗಿಸಿ ತಲೆಯೆತ್ತಿದರೆ ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತಿದ್ದ. ಕನ್ನಡದ ಒಂದಕ್ಷರ ಬಾರದವನನ್ನೂ ಅಳಿಸಿದೆನಲ್ಲ ಎಂದು ನಾನು ಬೀಗಿದೆ. ಮದುವೆ ಹಾಡು ಕೇಳಿ ಅವನೇಕೆ ಅತ್ತ ಎಂದು ಯೋಚಿಸಲಿಲ್ಲ. ಇನ್ನೊಂದು ಬದಿಗೆ ಗೋಪಾಲಸ್ವಾಮಿ ಬೆಟ್ಟದ ಮೇಲೊಂದು ಪದ ಹಾಡಿ ಊರಿಗೆ ಬಂದೆ. ಆ ಬದಿಯನ್ನು ಇವತ್ತಿನವರೆಗೂ ಯಾರೂ ತಿರುವಿ ಹಾಕಿಲ್ಲ.

ಕೆಲವು ತಿಂಗಳಾದ ಮೇಲೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಪ್ಲೇಟುಗಳು ಬಂದವು. ಗೌರಿ ಒಂದನ್ನು ಸೆರಗಿನಿಂದ ಒರೆಸಿ, ಅದರಲ್ಲಿ ತನ್ನ ಮುಖ ನೋಡಿಕೊಂಡಳು.

"ಎಂಗದೆ ಅಂತ ಕೇಳುದ್ರಾ?"

"ಯಾತರಲ್ಲಿ ಕೇಳನಮ್ಮಿ? ನಮ್ಮಟ್ಟೀಲಿ ಗ್ರಾಮಫೋನ್ ಎಲ್ಲದೆ?"

ನಿಜ. ಪ್ಲೇಟು ಮಾಡಿಸುವ ಭರದಲ್ಲಿ ಅದನ್ನು ಕೇಳಲು ಒಂದು ಯಂತ್ರ ಬೇಕಾಗುತ್ತದೆ ಎಂಬುದೇ ಮರೆತಿತ್ತು.

ಅಷ್ಟರಲ್ಲಿ ಚಂದಕವಾಡಿಯಿಂದ ಕರೆ ಬಂತು. ಗೌರಿಯ ಅಕ್ಕ ಪುಟ್ಟಮ್ಮ, ಭಾವ ನಂಜಪ್ಪ, ಅವರ ಮಗಳ ಮದುವೆ. ನಂಜಪ್ಪ ಚಾಮರಾಜನಗರದಿಂದ ಮೈಕ್ ಸೆಟ್ ತರಿಸುತ್ತಿದ್ದ. ನಾನು ಹೋಗಿ ಪ್ಲೇಟು ಉಡುಗೊರೆ ಕೊಟ್ಟು, ವಿಷಯವನ್ನು ನೇರವಾಗಿ ಕೇಳಿದೆ.

"ಅಣ್ಣ, ಹೆಣ್ಣುಗಂಡು ಹಸೆಗೆ ಬರೋವಾಗ ಇದ್ನ ಆಕ್ಸು. ಗೌರಿ ಆರತಿ ಎತ್ಲಿ."

ನಂಜಪ್ಪ ಹೆಂಡತಿಯ ಮುಖ ನೋಡಿದ. ಪುಟ್ಟಮ್ಮ ಪ್ಲೇಟಿನ ಮೇಲಿನ ಅಕ್ಷರ ನೋಡಿದಳು. "ಮದ್ವೆ ಆಡು ಅಂತ್ಲೇ ಬರ್ದದಲ್ಲ. ಆಗ್ಲಿ, ಗೌರೀನೇ ಎತ್ಲಿ ಬುಡಿ," ಎಂದಳು. ಆ ಮಾತು ಕೇಳಿದ ದಿನದಿಂದ ಗೌರಿ ಆರತಿ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು.

ಮದುವೆಯ ದಿನ ಗೌರಿ ಚಪ್ಪರದ ನಡುವೆ ತಟ್ಟೆ ಹಿಡಿದು ನಿಂತಳು. ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ನಾನು ನೋಡಿರಲಿಲ್ಲ. ನಾನು ಗಂಡಿನ ಕಡೆಯ ಹಿರಿಯರ ನಡುವೆ, ಹೊಗಳಿಕೆ ಸಲೀಸಾಗಿ ಬಂದು ತಲುಪುವಂಥ ಜಾಗ ನೋಡಿ ಕೂತಿದ್ದೆ. ಹೆಣ್ಣುಗಂಡು ಬಂದು ಮಣೆಯ ಮೇಲೆ ಕೂತರು. ಮೈಕ್ ಸೆಟ್ಟಿನವನು ಪ್ಲೇಟಿಗೆ ಮುಳ್ಳು ಇಟ್ಟು, ಊಟದ ಪಂಕ್ತಿಯಲ್ಲಿ ಜಾಗ ಹಿಡಿಯಲು ಹೋದ.

ಹಾರ್ಮೋನಿಯಂ ನುಡಿಯಿತು. ಹಾರ್ನಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ನುಡಿಯಿತು.

ಎತ್ತುವ ಮಟ್ಟು.

ನನಗೆ ಆಗಲೂ ತಿಳಿಯಲಿಲ್ಲ. ಎಷ್ಟೋ ವರ್ಷಗಳಿಂದ ನುಡಿಸಿ ನುಡಿಸಿ ಆ ಮಟ್ಟು ನನ್ನ ಕಿವಿಗೆ ಕೇಳಿಸುವುದೇ ನಿಂತುಹೋಗಿತ್ತು. ಪಕ್ಕದಲ್ಲಿದ್ದವರು ಎದ್ದಾಗ, ಕಲೆಗೆ ಗೌರವ ತೋರಿಸುತ್ತಿದ್ದಾರೆ ಎಂದುಕೊಂಡು ಕೂತಲ್ಲೇ ಕೈಮುಗಿದೆ. ಆಮೇಲೆ ಚಪ್ಪರವೇ ಎದ್ದಿತು. ಗಂಡಸರು ಚಪ್ಪಲಿ ಬಿಟ್ಟು ತಲೆತಗ್ಗಿಸಿ ನಿಂತರು. ಅಡುಗೆಮನೆಯಿಂದ ಹೆಂಗಸರ ಅಳು ಕೇಳಿತು. ಯಾರಿಗಾಗಿ ಎಂದು ಅವರಿಗೂ ಗೊತ್ತಿರಲಿಲ್ಲ. ಒಬ್ಬರು ಅತ್ತರು ಎಂದು ಇನ್ನೊಬ್ಬರು ಅತ್ತರು.

ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ ಗಂಡಿನ ತಾತ ಕಣ್ಣು ಬಿಟ್ಟು, "ಯಾರ್ಲಾ ತೀರ್ಕಂಡೋರು?" ಎಂದ. ಮುದುಕ ಸುತ್ತ ನೋಡಿದ. ನಿಂತಿದ್ದವರೆಲ್ಲ ತಲೆತಗ್ಗಿಸಿದ್ದರು.

"ನಾನಾ?" ಎಂದ.

ಇಷ್ಟಾದರೂ ಸಾವರಿಸಬಹುದಿತ್ತು. ಆದರೆ ಊರಲ್ಲಿ ಹೆಣ ಹೊರುವ ನಾಲ್ವರೂ ಮದುವೆಗೆ ಬಂದಿದ್ದರು. ಮಟ್ಟು ಕೇಳಿದ ಕೂಡಲೇ ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು. ಅಲ್ಲಿ ಹೂವಿನ ಹಾರ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಅಲ್ಲಾಡದೆ ಕೂತಿದ್ದವರು ಹೆಣ್ಣು ಗಂಡು ಇಬ್ಬರೇ. ನಾಲ್ವರೂ ಮಣೆಯ ಸುತ್ತ ನಿಂತರು. ಅವರಲ್ಲೊಬ್ಬ ಬಗ್ಗಿಯೂ ಬಗ್ಗಿದ.

ಮದುಮಗ ಮಣೆಯಿಂದ ಹಾರಿದ.

ನಾನು ಗಂಟಲು ಹರಿಯುವಂತೆ ಕೂಗಿದೆ. "ಇದು ಮದ್ವೆ ಆಡು! ಕುಂತ್ಕೊಳಿ! ಪದ ಕೇಳಿ, ಪದ!" ಹಾರ್ನಿನೊಳಗಿನ ನಾನು ಕೆಳಗಿದ್ದ ನನಗಿಂತ ಜೋರಾಗಿದ್ದೆ. ಮೈಕ್ ಸೆಟ್ಟಿನವನು ಎಲೆ ಮುಂದಿನಿಂದ ಏಳಲಿಲ್ಲ. ಪ್ಲೇಟು ತಿರುಗುತ್ತಲೇ ಇತ್ತು. ಗಂಡಿನ ಕಡೆಯ ಹೆಂಗಸೊಬ್ಬಳು ಬಂದು ಗೌರಿಯ ಕೈಯಿಂದ ಆರತಿ ತಟ್ಟೆಯನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡಳು. ಗೌರಿ ಖಾಲಿ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟಿತು. ಆಗ ಗೌರಿ, "ಪದ ಚೆನ್ನಾಗಿತ್ತು. ಯಾರೂ ಕೇಳ್ನಿಲ್ಲ," ಎಂದಳು. ಅವಳು ಬೈದಿದ್ದರೆ ನನಗೆ ಹಿತವಾಗಿರುತ್ತಿತ್ತು.

ಆ ಮದುವೆ ನಿಲ್ಲಲಿಲ್ಲ, ಮಾರನೇ ವರ್ಷ ಮಗುವೂ ಆಯಿತು. ಆ ಮುದುಕ ಇನ್ನೂ ಗಟ್ಟಿಯಾಗಿದ್ದಾನೆ. ಆ ಕೀರ್ತಿಯನ್ನು ನನಗೆ ಯಾರೂ ಕೊಡಲಿಲ್ಲ. ನನಗೆ ಸಿಕ್ಕ ಕೀರ್ತಿಯೇ ಬೇರೆ. ಸಾವಾದ ಮನೆಯವರು ಪ್ಲೇಟು ಕೇಳಿಕೊಂಡು ಬಂದರು. ನಮ್ಮ ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನಿಂದಲೂ ಬಂದರು. ಪದ ಮದುವೆಯದ್ದು ಎಂದು ನಾನು ತಗಾದೆ ತೆಗೆದರೆ, "ಪದ ಕಟ್ಕಂಡು ನಮಗೇನಣ್ಣ, ಮಟ್ಟು ಚೆನ್ನಾಗದೆ," ಎನ್ನುತ್ತಿದ್ದರು. ಪೆಟ್ಟಿಗೆ ಖಾಲಿಯಾಯಿತು. ನನ್ನ ಹಾಡು ಊರೂರು ಮುಟ್ಟಿತು. ಅದರ ಜೊತೆಗೆ ನನಗಿದ್ದ ಅಷ್ಟಿಷ್ಟು ಕರೆಯೂ ನಿಂತಿತು. ಪ್ಲೇಟು ಇರುವಾಗ ಮಾದಪ್ಪ ಏಕೆ? ನನ್ನ ಹೊಟ್ಟೆಯ ಮೇಲೆ ನಾನೇ ಹಾಡಿಕೊಂಡಿದ್ದೆ.

ಗೌರಿಯನ್ನು ಆಮೇಲೆ ಯಾವ ಮದುವೆಗೂ ಕರೆಯಲಿಲ್ಲ. ನಮ್ಮ ಮನೆಯ ನಡುಮನೆಯಲ್ಲೇ ಹಸೆ ಬರೆದು, ನೋಡಿ, ಅಳಿಸುತ್ತಿದ್ದಳು. ಎರಡು ವರ್ಷ ಹೀಗೆ ಹೋಯಿತು. ಮಳೆಗಾಲದಲ್ಲಿ ಹಿಡಿದ ಜ್ವರ ಬಿಡಲಿಲ್ಲ. ನೋಡಲು ಬಂದ ನಂಜಪ್ಪನನ್ನು ಹತ್ತಿರ ಕರೆದು ಏನೋ ಹೇಳಿದಳು. ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದಳು. ನಾನು ಕೇಳಿಸಿಕೊಳ್ಳಬೇಕೆಂದು ಬಾಗಿಲಲ್ಲಿ ನಿಂತಿದ್ದೆ.

"ಭಾವ, ನಾನು ತೀರ್ಕಂಡಾಗ ಆ ಪ್ಲೇಟು ಆಕ್ಸಿ. ಒಬ್ರೂ ಏಳ್ಕೂಡ್ದು. ಎಲ್ರೂ ಕುಂತು ಪದ ಕೇಳ್ಬೇಕು. ನಮ್ಮೆಜಮಾನ್ರು ನಂಗೇಂತ ಕಟ್ಟಿರ ಪದ ಅದು."

ಅವಳು ಹೋದದ್ದು ಬೆಳಗಿನ ಹೊತ್ತು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಮಲ್ಲಿಗೆ ಮುಡಿಸಿ ಕೂರಿಸಿದರು. ಪುಟ್ಟಮ್ಮ ಬಂದು, ಯಾರೂ ಹೇಳದೆ, ಅವಳ ಸುತ್ತ ಹಸೆ ಬರೆದಳು. ಗೌರಿಯ ಕೈಯಷ್ಟು ಚೆನ್ನಾಗಿರಲಿಲ್ಲ. ಎತ್ತುವ ಹೊತ್ತಾಯಿತು. ನಂಜಪ್ಪ ಪ್ಲೇಟು ಹಾಕಿಸಿದ. ಹಾರ್ಮೋನಿಯಂ ನುಡಿಯಿತು.

ಯಾರೂ ಏಳಲಿಲ್ಲ. ಹೊರುವವರು ಕೂಡ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಮನೆ ತುಂಬ ಜನ ನನ್ನ ಪದವನ್ನು ಮೊದಲ ಬಾರಿಗೆ ಕೇಳುತ್ತಿದ್ದರು.

ಏಳಮ್ಮ ಗೌರಿ, ನಡೆಯಮ್ಮ ಹಸೆಗೆ.

ಏಳು ಎಂದು ನಾನು ಕರೆದದ್ದು ಅವಳನ್ನು. ನೋಡಿದರೆ ಎದ್ದು ನಿಂತಿದ್ದವನು ನಾನೊಬ್ಬನೇ. ಟವೆಲ್ ಮಡಿಸಿ ಹೆಗಲಿಗೂ ಹಾಕಿಕೊಂಡಿದ್ದೆ. ನಂಜಪ್ಪ ನನ್ನ ಪಂಚೆಯ ಅಂಚು ಹಿಡಿದು ಮೆಲ್ಲಗೆ ಎಳೆದ.

"ಕುಂತ್ಕೊ ಮಾದಪ್ಪ," ಎಂದ. "ಇದು ಮದ್ವೆ ಆಡು ಕಣ."

ನನ್ನ ಹಾಡು ಯಾವುದು ಎಂದು ನನಗೇ ಬೇರೆಯವರು ಹೇಳಬೇಕಾಯಿತು. ಕೂತುಕೊಂಡೆ.