ಮಂಜಪ್ಪನವರ ಭಾನುವಾರದ ದೋಸೆ

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಕಾರಿಪುರದ ಸಭಾಂಗಣವೊಂದರಲ್ಲಿ ಕನಿಷ್ಠ ವೇತನ ಮತ್ತು ವಾರದ ರಜೆಯ ನಿಯಮಗಳ ಜಾರಿ ಕುರಿತು ಕಾರ್ಮಿಕ ಸಂಘಗಳೊಂದಿಗೆ ಸಮಾಲೋಚನಾ ಸಭೆ ನಡೆಯಿತು. ಜನ ಸೇರಿಸುವ ಹೊಣೆಯನ್ನು ಕಾರ್ಮಿಕ ಇಲಾಖೆಯವರು ನನಗೆ ವಹಿಸಿದ್ದರು. ಊರಿನ ವಾರಪತ್ರಿಕೆಗೆ ಇಪ್ಪತ್ತು ವರ್ಷ ಸಭೆಗಳ ವರದಿ ಬರೆದವನಿಗೆ ಒಂದು ಸಭೆ ನಡೆಸುವುದು ಕಷ್ಟವೇ? ದಿನ, ಹೊತ್ತು ಎರಡನ್ನೂ ನಾನೇ ಗೊತ್ತು ಮಾಡಿದೆ.

ಹಾಕಿಸಿದ ಕುರ್ಚಿ ನಲವತ್ತು. ಬಂದವರು ಇಬ್ಬರು! ಒಬ್ಬರು ಕಾರ್ಮಿಕ ಅಧಿಕಾರಿ. ಇನ್ನೊಬ್ಬರು ಸೊರಬದಿಂದ ಬಸ್ಸಿನಲ್ಲಿ ಬಂದ ಹೋಟೆಲ್ ಕಾರ್ಮಿಕರ ಸಂಘದ ಅಧ್ಯಕ್ಷೆ ಶಾಂತಕ್ಕ.

"ಉಳಿದೋರು ಎಲ್ಲಿ, ಶಾಂತಕ್ಕ?"

"ಕೆಲಸದಲ್ಲಿದಾರೆ ಮಾರಾಯ್ರೆ! ಸೋಮವಾರ ಹನ್ನೊಂದು ಗಂಟೆಗೆ ಮತ್ತೆಲ್ಲಿರ್ತಾರೆ? ರಜೆ ಬಗ್ಗೆ ಮಾತಾಡೋ ಸಭೆಗೆ ಬರೋಕೆ ಅವ್ರಿಗೆ ರಜೆ ಕೊಡೋರು ಯಾರು?"

ಈ ಅಂಶ ನನ್ನ ಗಮನಕ್ಕೆ ಬಂದಿರಲಿಲ್ಲ.

ಆದರೂ ಎದೆಗುಂದಲಿಲ್ಲ. ಎದುರಿನ ಹೋಟೆಲಿಗೆ ನಲವತ್ತು ಚಹಾ, ನಲವತ್ತು ವಡೆ ಹೇಳಿದ್ದೆ. ಓಡಿಹೋಗಿ ಮಾಲೀಕ ಚನ್ನಬಸಪ್ಪನವರಿಗೆ, "ಸಾವ್ಕಾರ್ರೆ, ಎಲ್ಲಾ ಒಟ್ಟಿಗೇ ಕಳಿಸ್ರಿ" ಎಂದೆ. ಸಪ್ಲೈಯರ್ ಮಂಜಪ್ಪನವರೂ ಸೇರಿ ಮೂವರು ಹೊತ್ತು ತಂದರು. ಮೂವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ. ಸಭೆಗೆ ಕಳೆ ಬಂತು!

"ವಾರದ ರಜೆ ಯಾವತ್ತು, ಮಂಜಪ್ಪ?" ಎಂದರು ಅಧಿಕಾರಿ.

"ಹಬ್ಬಕ್ಕೆ ಸಿಗ್ತತ್ರೀ, ಮೇಡಂ."

"ಯಾವ ಹಬ್ಬಕ್ಕೆ?"

"ಹೋಟ್ಲು ಮುಚ್ಚೋ ಹಬ್ಬಕ್ರೀ. ಒಂದು ಭಾನುವಾರ ಹೆಂಡ್ತಿನ ಕರ್ಕಂಡು ನಮ್ ಹೋಟ್ಲಾಗೇ ಕೂತು ದೋಸೆ ತಿನ್ಬೇಕು ಅಂತ ಭಾಳ ದಿನದಿಂದ ಐತ್ರೀ."

ಅಷ್ಟರಲ್ಲಿ ಬಾಗಿಲಲ್ಲಿ ಚನ್ನಬಸಪ್ಪ. ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ.

"ಅಲ್ರೀ ಪೇಪರ್ನೋರೆ, ಅಲ್ಲಿ ಗಿರಾಕಿ ನನ್ನ ಬೈತಾ ಅದಾರೆ, ಇಲ್ಲಿ ನನ್ನ ಆಳು ಕೂರಿಸ್ಕಂಡು ಸಭೆ ಮಾಡ್ತೀರೇನ್ರಿ?"

ಮಂಜಪ್ಪ ತಟ್ಟನೆ ಎದ್ದು ನಿಂತರು. ಅವರ ಕೆಲಸ ಹೋಯಿತೆಂದೇ ತಿಳಿದೆ.

"ರಜೆ ಕೊಡೋದು ನಿಯಮ, ಸಾವ್ಕಾರ್ರೆ" ಎಂದರು ಶಾಂತಕ್ಕ.

"ಕೊಡ್ತೀನ್ರೀ! ಭಾನುವಾರದ ರಶ್ಶಿಗೆ ಬದಲಿ ಯಾರು ಬರ್ತಾರೆ?"

ಅವರನ್ನು ಕೂರಿಸಿದ ತಪ್ಪು ನನ್ನದಾಗಿತ್ತು. "ಅದೇನು ದೊಡ್ಡ ಕೆಲಸ? ಈ ಭಾನುವಾರ ನಾನೇ ಬರ್ತೀನಿ!" ಎಂದುಬಿಟ್ಟೆ.

ನಡಾವಳಿ ಬರೆದವರು ಶಾಂತಕ್ಕ. ಓದದೆ ಸಹಿ ಹಾಕಿದವನು ನಾನು. ಮನೆಯಲ್ಲಿ ಹೆಂಡತಿ ಅದನ್ನು ಗಟ್ಟಿಯಾಗಿ ಓದಿದಳು: "ಮಂಜಪ್ಪನವರಿಗೆ ಪ್ರತಿ ಭಾನುವಾರ ರಜೆ, ಬೇರೆ ಆಳು ಸಿಗುವವರೆಗೆ ಬದಲಿಯಾಗಿ ಪತ್ರಕರ್ತರು."

ಆಮೇಲೆ ನನ್ನನ್ನೇ ನೋಡಿದಳು. "ಕುಡಿದ ಲೋಟ ಎತ್ತಿಡದೋರು ನೀವು. ಪಾಪ, ಚನ್ನಬಸಪ್ಪನೋರು!"

ಇಂದು ಭಾನುವಾರ. ಎಂಟರಿಂದ ಒಂಬತ್ತೂವರೆಯೊಳಗೆ ಮೂರು ಲೋಟ ಒಡೆದಿವೆ. ಒಬ್ಬರ ಸಾಂಬಾರು ಇನ್ನೊಬ್ಬರ ಅಂಗಿಯ ಮೇಲೆ ಬಿದ್ದಿದೆ. ಹತ್ತಕ್ಕೆ ಮಂಜಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೆಂಡತಿಯೊಂದಿಗೆ ಬಂದು, ಮೂರನೇ ಮೇಜಿನಲ್ಲಿ ಕೂತು ಎರಡು ಮಸಾಲೆ ದೋಸೆ ಹೇಳಿದರು. ದೋಸೆಗಳನ್ನು ನಾನು ಐದನೇ ಮೇಜಿಗೆ ಕೊಟ್ಟೆ. ಅಲ್ಲಿದ್ದವರು ತಿಂದೂಬಿಟ್ಟರು!

ತಡೆಯಲಾರದೆ ಮಂಜಪ್ಪ ಅಡುಗೆಮನೆಯತ್ತ ಎದ್ದರು. ಹೆಂಡತಿ ತೋಳು ಹಿಡಿದು ಎಳೆದರು: "ಕೂತ್ಕಳ್ರೀ! ಇವತ್ತು ನಿಮಗೆ ರಜೆ."

ಮಂಜಪ್ಪ ಕೂತರು.

ಹತ್ತೂಮುಕ್ಕಾಲಕ್ಕೆ ದೊರೆತ ಮಾಹಿತಿಯಂತೆ, ಅವರ ದೋಸೆ ಇನ್ನೂ ಬಂದಿಲ್ಲ.