ಸಿದ್ದಲಿಂಗಮ್ಮನವರ ಗೊಂದಲ

ಒಳ್ಳೆಯ ಉದ್ದೇಶವಿಟ್ಟುಕೊಂಡು ವ್ಯಾಪಾರಕ್ಕೆ ಇಳಿಯುವವರು ಸರಿಯಾದ ನಿರ್ಧಾರ ಮಾಡಲಾರದೆ ಹಾಳಾಗುತ್ತಾರೆಂಬುದು ಮೇಲಿನವರ ಗಮನಕ್ಕೆ ಬಂದದ್ದರಿಂದ, ಎರಡು ಸಾವಿರದ ಒಂದನೇ ಇಸವಿಯ ಕೊನೆಯಲ್ಲಿ ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಟೈರು ಅಂಗಡಿಯ ಮಹಡಿಯ ಮೇಲೆ, ‘ಸದುದ್ದೇಶ ಉದ್ಯಮಿಗಳ ಸ್ಪಷ್ಟ ನಿರ್ಧಾರ ಸಹಾಯ ಕೇಂದ್ರ’ವನ್ನು ತೆರೆಯಲಾಯಿತು. ದುರುದ್ದೇಶದಿಂದ ವ್ಯಾಪಾರ ಮಾಡುವವರಿಗೆ ಇಂಥ ಕೇಂದ್ರದ ಅಗತ್ಯ ಕಂಡುಬರಲಿಲ್ಲ. ಅವರ ನಿರ್ಧಾರಗಳು ಮೊದಲಿನಿಂದಲೂ ಸ್ಪಷ್ಟವಾಗಿಯೇ ಇದ್ದವು.

ನಾನು ಮಹದೇವಯ್ಯ, ಈ ಕೇಂದ್ರದ ಗುಮಾಸ್ತ. ನಿರ್ದೇಶಕರಾದ ಶಿವಶಂಕರ ಅವರು ದಿನಾ ಮೈಸೂರಿನಿಂದ ಬಂದು, ಊಟ ಮಾಡಿ, ಮೈಸೂರಿಗೆ ಹೋಗುತ್ತಿದ್ದರು. ಬಾಗಿಲು ತೆಗೆದು ಬಹಳ ದಿನ ಯಾರೂ ಬರಲಿಲ್ಲ. ತಾಲ್ಲೂಕಿನಲ್ಲಿ ಸದುದ್ದೇಶಕ್ಕೇ ಬರವೇನೋ ಎಂದು ನಾವು ಚಿಂತೆಗೀಡಾಗಿದ್ದಾಗ ಸಿದ್ದಲಿಂಗಮ್ಮನವರು ಮೆಟ್ಟಿಲು ಹತ್ತಿ ಬಂದರು.

ಅವರದು ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಆಚೆಯ ಹಳ್ಳಿ. ಅವರ ತಂಗಿ ಕುಳ್ಳಮ್ಮ ಕೈಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಬೆಳಕು ಹರಿಯುವ ಮುಂಚೆ ಜೀಪು ಹತ್ತಿ, ಕೊಡಗಿನ ತೋಟಕ್ಕೆ ಕಾಫಿ ಬಿಡಿಸಲು ಹೋಗುತ್ತಿದ್ದಳು. ಆ ಬೀದಿಯ ಹೆಂಗಸರೆಲ್ಲ ಹಾಗೆಯೇ. ಊರಿನಲ್ಲೇ ರಾಗಿ ಹುರಿಹಿಟ್ಟು ಮಾಡುವ ಕೆಲಸ ಕೊಟ್ಟರೆ ತಾಯಂದಿರು ಕೂಸಿನ ಹತ್ತಿರ ಇರಬಹುದೆಂಬುದು ಸಿದ್ದಲಿಂಗಮ್ಮನವರ ಉದ್ದೇಶ. ಹ್ಯಾಂಡ್‌ಪೋಸ್ಟಿನ ಮಂಚಯ್ಯ ತನ್ನ ಖಾಲಿ ಶೆಡ್ಡನ್ನು ಉಗಾದಿಯವರೆಗೆ ಇವರಿಗಾಗಿ ಇಟ್ಟುಕೊಂಡಿರುವುದಾಗಿ ಮಾತು ಕೊಟ್ಟಿದ್ದ. ಮಿಷನ್ನಿಗೆ ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ನಿರ್ಧಾರ ಸ್ಪಷ್ಟವಾಗಿದೆ ಎಂದು ನಮ್ಮ ಕೇಂದ್ರದಿಂದ ಬ್ಯಾಂಕಿಗೆ ಒಂದು ಕಾಗದ ಬೇಕಿತ್ತು, ಅಷ್ಟೆ.

“ಕೂತ್ಕೊಳ್ಳಿ ಅಮ್ಮ. ನಿಮ್ಮ ಗೊಂದಲ ಏನು?” ಎಂದರು ನಿರ್ದೇಶಕರು.

“ಗೊಂದ್ಲ ಏನಿಲ್ಲ ಸಾ. ಶೆಡ್ಡು ಅದೆ, ರಾಗಿ ಅದೆ, ಕೆಲ್ಸ ಮಾಡೋರು ಅವ್ರೆ. ಕಾಗ್ದ ಒಂದು ಕೊಟ್ಬುಡಿ.”

“ಅಂದರೆ ನಿರ್ಧಾರ ಆಗಿಹೋಗಿದೆಯೆ?”

“ಆಗದೆ ಸಾ. ಊರಮ್ಮನ ತಾವ ಹೂ ಕೇಳುದ್ವಿ. ಬಲಗಡೇಕೇ ಕೊಟ್ಲು.”

ನಮ್ಮ ಕಡೆ ಇದು ವಾಡಿಕೆ. ಹೆಣ್ಣು ಕೊಡುವುದಿರಲಿ, ಬೋರು ಹಾಕಿಸುವುದಿರಲಿ, ಪೂಜಾರಿ ಅಮ್ಮನ ಮೈಮೇಲೆ ಒದ್ದೆ ಹೂವಿಟ್ಟು ಕೇಳುತ್ತಾನೆ. ಹೂವು ಬಲಗಡೆ ಬಿದ್ದರೆ ಆಯಿತು, ಎಡಗಡೆ ಬಿದ್ದರೆ ಬೇಡ.

ನಿರ್ದೇಶಕರು ಕನ್ನಡಕ ತೆಗೆದರು. ಹೂವು ವೈಜ್ಞಾನಿಕವಲ್ಲ ಎಂಬುದು ಅವರ ಮೊದಲ ಆಕ್ಷೇಪಣೆ. ಎರಡನೆಯದು ಇನ್ನೂ ಗಂಭೀರವಾಗಿತ್ತು. ಕೇಂದ್ರ ಇರುವುದು ಅಸ್ಪಷ್ಟ ನಿರ್ಧಾರಗಳನ್ನು ಸ್ಪಷ್ಟಪಡಿಸುವುದಕ್ಕೆ. ಸ್ಪಷ್ಟವಾಗಿರುವುದನ್ನೇ ಮತ್ತೆ ಸ್ಪಷ್ಟಪಡಿಸಿದರೆ ಸಾರ್ವಜನಿಕ ಹಣದ ದುರ್ಬಳಕೆಯಾಗುತ್ತದೆ. ಆದ್ದರಿಂದ ಅರ್ಜಿದಾರರು ಮೊದಲು ಗೊಂದಲಕ್ಕೆ ಒಳಗಾಗತಕ್ಕದ್ದು ಎಂದು ಆದೇಶವಾಯಿತು.

ಈ ಜವಾಬ್ದಾರಿಯನ್ನು ತರಬೇತಿದಾರರಾದ ರೂಪಶ್ರೀ ಅವರಿಗೆ ವಹಿಸಲಾಯಿತು. ಆಕೆ ಶ್ರದ್ಧೆಯುಳ್ಳ ಹುಡುಗಿ. ವಾರವಾರವೂ ಬಸ್ಸು ಹಿಡಿದು ಬರುತ್ತಿದ್ದ ಸಿದ್ದಲಿಂಗಮ್ಮನವರನ್ನು ಎದುರಿಗೆ ಕೂರಿಸಿಕೊಂಡು ಗೊಂದಲಪಡಿಸಲು ಬೇಕಾದಷ್ಟು ಹೆಣಗಿದಳು.

“ರಾಗಿ ಬದಲು ಬಾರ್ಲಿ ಮಾಡಿದ್ರೆ ಹೇಗೆ ಅಮ್ಮ?”

“ನಮ್ಮ ಐಕ್ಳು ತಿನ್ನಾಕಿಲ್ಲ ಕಣವ್ವ.”

“ಹತ್ತು ವರ್ಷ ಆದಮೇಲೆ ನಿಮ್ಮ ಸಂಸ್ಥೆ ಎಲ್ಲಿರುತ್ತೆ?”

“ಹ್ಯಾಂಡ್‌ಪೋಸ್ಟಲ್ಲೇ. ಶೆಡ್ಡು ಎಲ್ಲಿಗೋದದು?”

“ನಿಮ್ಮ ಮೂಲ ಧ್ಯೇಯ ಹೇಳಿ.”

“ನಮ್ಮ ಕುಳ್ಳಿ ಜೀಪು ಹತ್ಬಾರ್ದು.”

“ಅದು ಧ್ಯೇಯ ಅಲ್ಲ ಅಮ್ಮ, ಸಾರಿಗೆ,” ಎಂದು ರೂಪಶ್ರೀ ತಿದ್ದಿದಳು. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ‘ಅಭ್ಯರ್ಥಿಯು ಗೊಂದಲಕ್ಕೆ ಸಹಕರಿಸುತ್ತಿಲ್ಲ’ ಎಂದು ಷರಾ ಬರೆಯಲಾಯಿತು. ಸಿದ್ದಲಿಂಗಮ್ಮನವರು ಇದನ್ನು ಬೈಗುಳವೆಂದು ತಿಳಿದು ಕ್ಷಮೆ ಕೇಳಿದರು.

ಇಷ್ಟರಲ್ಲಿ ಮಾರ್ಚ್ ತಿಂಗಳು ಬಂತು. ಕೇಂದ್ರ ಇದುವರೆಗೆ ಒಂದು ನಿರ್ಧಾರವನ್ನೂ ಸ್ಪಷ್ಟಪಡಿಸಿಲ್ಲವೆಂಬುದನ್ನು ಮೇಲಿನವರು ಗಮನಿಸಿ, ಒಂದೇ ಕಚೇರಿಯಿಂದ ಕೆಲಸ ಸಾಗುತ್ತಿಲ್ಲವೆಂದು ತೀರ್ಮಾನಿಸಿ, ಶಾಖೆಯೊಂದನ್ನು ಮಂಜೂರು ಮಾಡಿದರು. ಶಾಖೆ ಟಿಬೆಟನ್ನರ ಕ್ಯಾಂಪಿನ ಪಕ್ಕದ ಕೊಪ್ಪದಲ್ಲೋ ಹ್ಯಾಂಡ್‌ಪೋಸ್ಟಿನಲ್ಲೋ ಎಂಬುದನ್ನು ಮಾರ್ಚ್ ಮುಗಿಯುವುದರೊಳಗೆ ತಿಳಿಸಬೇಕಿತ್ತು.

ನಿರ್ದೇಶಕರು ಕರಿಹಲಗೆಯ ಮೇಲೆ ಗೆರೆ ಎಳೆದು ಎರಡೂ ಊರಿನ ಗುಣದೋಷ ಬರೆದರು. ಕೊಪ್ಪದಲ್ಲಿ ಸ್ವೆಟರ್ ಅಗ್ಗ. ಹ್ಯಾಂಡ್‌ಪೋಸ್ಟಿನಲ್ಲಿ ನಾಟಿಕೋಳಿ ಊಟ. ತಕ್ಕಡಿ ಅಲ್ಲಾಡಲಿಲ್ಲ. ಕೊನೆಗೆ, ಗೊಂದಲಕ್ಕೊಳಗಾದವರು ಕೇಂದ್ರಕ್ಕೆ ಅರ್ಜಿ ಸಲ್ಲಿಸತಕ್ಕದ್ದೆಂಬ ನಿಯಮದ ಪ್ರಕಾರ ಕೇಂದ್ರವೇ ಕೇಂದ್ರಕ್ಕೆ ಅರ್ಜಿ ಸಲ್ಲಿಸಿತು. ನಾನು ಸ್ವೀಕರಿಸಿ ಮೊಹರು ಹಾಕಿದೆ. ಶಿವಶಂಕರ ಅವರು ಅರ್ಜಿದಾರರಾಗಿ ನಿಂತುಕೊಂಡು ಅಹವಾಲು ಹೇಳಿ, ನಿರ್ದೇಶಕರಾಗಿ ಕೂತುಕೊಂಡು ಕೇಳಿದರು. ಎದ್ದು ಕೂತು ಸೊಂಟ ನೋವು ಬಂತೇ ಹೊರತು ಪರಿಹಾರ ಕಾಣಲಿಲ್ಲ.

ಬೆಂಚಿನ ಮೇಲೆ ಕಾಯುತ್ತಿದ್ದ ಸಿದ್ದಲಿಂಗಮ್ಮನವರಿಗೆ ಕನಿಕರವಾಯಿತು. “ಯಾಕ್ ಸಾ ಅಷ್ಟು ಒದ್ದಾಡ್ತೀರಿ? ನಮ್ಮಮ್ಮನ ತಾವ ಒಂದು ಹೂ ಕೇಳ್ಬುಡಿ.”

ವೈಜ್ಞಾನಿಕವಲ್ಲದ ವಿಧಾನಗಳನ್ನು ಅಧ್ಯಯನ ಮಾಡುವ ಸಲುವಾಗಿ ನಾವು ಬಾಡಿಗೆ ಕಾರಿನಲ್ಲಿ ಹೊರಟೆವು. ಪೂಜಾರಿ ಹೂವಿಟ್ಟ. ‘ಹ್ಯಾಂಡ್‌ಪೋಸ್ಟ್ ಆಗುವುದಾದರೆ ಬಲಗಡೆ ಕೊಡು ತಾಯಿ’ ಎಂದು ಸಿದ್ದಲಿಂಗಮ್ಮನವರೇ ನಮ್ಮ ಪರವಾಗಿ ಬೇಡಿಕೊಂಡರು. ಹೂವು ಬಲಗಡೆಗೆ ಬಿತ್ತು. ನಿರ್ದೇಶಕರು ಅಲ್ಲೇ ಅಡ್ಡಬಿದ್ದರು.

ಹ್ಯಾಂಡ್‌ಪೋಸ್ಟಿನಲ್ಲಿ ಖಾಲಿ ಇದ್ದದ್ದು ಮಂಚಯ್ಯನ ಶೆಡ್ಡೊಂದೇ. ಗುಡಿಯಿಂದ ಎಲ್ಲರೂ ನೇರ ಅಲ್ಲಿಗೇ ಹೋದೆವು.

“ಉಗಾದಿಗಂಟ ಇಟ್ಕತೀನಿ ಅಂತ ಈಯಮ್ಮಂಗೆ ಮಾತು ಕೊಟ್ಟಿವ್ನಿ ಸಾ,” ಎಂದ ಮಂಚಯ್ಯ.

“ಅಮ್ಮನವರ ಅಪ್ಪಣೆಯಾಗಿದೆಯಲ್ಲಪ್ಪ,” ಎಂದರು ನಿರ್ದೇಶಕರು.

ಮಂಚಯ್ಯ ಸಿದ್ದಲಿಂಗಮ್ಮನವರ ಮುಖ ನೋಡಿದ. ಅವರು ಶೆಡ್ಡಿನೊಳಗೆ ಮಿಷನ್ ಕೂರಿಸಬೇಕೆಂದು ಗೆರೆ ಹಾಕಿಟ್ಟಿದ್ದ ಜಾಗವನ್ನೇ ನೋಡುತ್ತಿದ್ದರು.

“ನಂಗೂ ಬಲಗಡೇಕೇ ಕೊಟ್ಟಿದ್ಲು. ನಿಮ್ಗೂ ಬಲಗಡೇಕೇ ಕೊಟ್ಲು,” ಎಂದರು ಅವರು ನಿಧಾನವಾಗಿ. “ನಂಗೇನೂ ತಿಳೀತಿಲ್ಲ ಸಾ.”

“ಸಾರ್, ಗೊಂದಲ ಬಂತು,” ಎಂದಳು ರೂಪಶ್ರೀ. ಅವಳ ಕಣ್ಣಲ್ಲಿ ನೀರಾಡಿತ್ತು.

ಅರ್ಹತೆ ಬಂದ ಮೇಲೆ ತಡ ಮಾಡುವುದು ನಮ್ಮ ಪದ್ಧತಿಯಲ್ಲ. ಕಾರಿನ ಬಾನೆಟ್ ಮೇಲಿಟ್ಟೇ ಕಾಗದ ಬರೆದುಕೊಟ್ಟೆವು: ‘ಶೆಡ್ಡು ಲಭ್ಯವಿಲ್ಲದ ಕಾರಣ ಅರ್ಜಿದಾರರು ಹಿಟ್ಟಿನ ಮಿಷನ್ ಹಾಕತಕ್ಕದ್ದಲ್ಲವೆಂಬುದು ಸ್ಪಷ್ಟ.’ ಇದು ಕೇಂದ್ರದ ಮೊದಲ ಯಶಸ್ಸು. ಮೇಲಿನವರು ಮೆಚ್ಚಿ, ಹೂವನ್ನೇ ಅಧಿಕೃತ ವಿಧಾನವೆಂದು ಅಂಗೀಕರಿಸಿದರು. ಬಲಗಡೆ ಬಿದ್ದರೆ ಸ್ಪಷ್ಟ, ಎಡಗಡೆ ಬಿದ್ದರೆ ಮರುಪರಿಶೀಲನೆ, ಬೀಳದಿದ್ದರೆ ಊಟದ ವಿರಾಮ. ಮಿಷನ್ ಬರಬೇಕಿದ್ದ ಜಾಗದಲ್ಲಿ ಅಮ್ಮನವರ ಚಿಕ್ಕ ವಿಗ್ರಹ ಬಂತು. ಅನುಭವವನ್ನು ಪರಿಗಣಿಸಿ ಸಿದ್ದಲಿಂಗಮ್ಮನವರನ್ನು ತಾತ್ಕಾಲಿಕ ಪುಷ್ಪ ಸಲಹೆಗಾರರಾಗಿ ನೇಮಿಸಲಾಯಿತು. ಅವರಿಗೂ ಬೇಸರವಿದ್ದಂತೆ ಕಾಣಲಿಲ್ಲ. ಗುರುತಿನ ಚೀಟಿಯನ್ನು ಮನೆಯಲ್ಲೂ ಕೊರಳಿಂದ ತೆಗೆಯುತ್ತಿರಲಿಲ್ಲವಂತೆ.

ಶಾಖೆ ಆರಂಭವಾದ ದಿನ ತೋರಣ ಕಟ್ಟಲೆಂದು ನಾನು ಬೆಳಕು ಹರಿಯುವಾಗಲೇ ಹೋಗಿದ್ದೆ. ಸಿದ್ದಲಿಂಗಮ್ಮನವರು ಬಾಗಿಲು ಗುಡಿಸುತ್ತಿದ್ದರು. ಕೊಡಗಿನ ಜೀಪು ಬಂದು ನಿಂತಿತು. ಕುಳ್ಳಮ್ಮ ಕೂಸನ್ನೆತ್ತಿಕೊಂಡು ಬಂದಳು.

“ಅಕ್ಕ, ಕೂಸಿನ ಮೈ ಸುಡ್ತಾ ಅದೆ. ಇವತ್ತು ಓಗದೋ, ಇದರ ತಾವ ಇರದೋ, ಒಂದು ಹೂ ಕೇಳು.”

ಸಿದ್ದಲಿಂಗಮ್ಮನವರು ಗೋಡೆಯ ಬೋರ್ಡು ನೋಡಿದರು, ನನ್ನನ್ನೂ ನೋಡಿದರು.

“ಆಫೀಸು ತಗ್ಯಾದು ಹತ್ತೂವರೆಗೆ ಕಣವ್ವ.”

“ಅಂಗಾ? ಸರಿ ಬುಡು,” ಎಂದು ಕುಳ್ಳಮ್ಮ ಕೂಸನ್ನು ಅಕ್ಕನ ಕೈಗೆ ಕೊಟ್ಟು ಜೀಪು ಹತ್ತಿದಳು.

ಕೂಸು ಅರ್ಜಿದಾರರ ಬೆಂಚಿನ ಮೇಲೆ ಮಲಗಿ ಅವ್ವ, ಅವ್ವ ಎಂದು ಒಂದೇ ಸಮ ಅಳುತ್ತಿತ್ತು. ಹತ್ತೂವರೆಗೆ ಬಾಗಿಲು ತೆರೆದಾಗ ಸರದಿಯಲ್ಲಿ ಮೊದಲು ಇದ್ದದ್ದು ಅದೇ. ತನಗೇನು ಬೇಕೆಂಬುದು ಅದಕ್ಕೆ ಸ್ಪಷ್ಟವಾಗಿ ಗೊತ್ತಿದ್ದುದರಿಂದ, ನಿಯಮದ ಪ್ರಕಾರ ಕೇಂದ್ರದಿಂದ ಯಾವ ಸಹಾಯವನ್ನೂ ಮಾಡಲು ಬರಲಿಲ್ಲ.